ಹಿತ್ತಿಲಿನ ಹುಳುಮನೆ: ಒಂದು ವರ್ಷದ ಪ್ರಕರಣ

ಡಿಸೆಂಬರ್ ರಜೆ ಸುರುವಾಗಿ ಎರಡು ದಿನ ಆಗಿತ್ತು. ಜಗಲಿಯ ಮೂಲೆಯಲ್ಲಿ ಹಳದಿ ಹುಡಿ ಬೀಳುತ್ತಿತ್ತು. ಬೆಳಿಗ್ಗೆ ಗುಡಿಸಿದರೆ ಸಂಜೆಗೆ ಮತ್ತೆ ಅಷ್ಟೇ ಹುಡಿ. ತಲೆಯೆತ್ತಿ ನೋಡಿದರೆ ಮಾಡನ್ನು ಹೊತ್ತ ಮರದ ಪಕ್ಕಾಸಿನಲ್ಲಿ ಒಂದು ತೂತು. ಕಿರುಬೆರಳು ಹೋಗುವಷ್ಟು ದೊಡ್ಡದು, ಬೈರಿಗೆಯಲ್ಲಿ ಕೊರೆದ ಹಾಗೆ ದುಂಡಗೆ. ಒಳಗಿನಿಂದ ಗುಂಯ್ ಅಂತ ಸದ್ದು. ಕರಿದುಂಬಿ.

"ಸೀಮೆಎಣ್ಣೆ ಬಟ್ಟೆ ತುರುಕಿ ಮುಚ್ಚಿಬಿಡಿ. ಪಕ್ಕಾಸು ಹೋದರೆ ಮಾಡೇ ಹೋಯಿತು" ಅಂದರು ನಮ್ಮ ಮಾವ.

ಮಗಳು ಕೇಳಿದಳು, "ಮುಚ್ಚಿದರೆ ಅದು ಎಲ್ಲಿಗೆ ಹೋಗ್ತದೆ ಅಜ್ಜ?"

"ಬೇರೆ ಮನೆ ನೋಡಿಕೊಳ್ತದೆ."

"ನಾವೇ ಒಂದು ಕಟ್ಟಿ ಕೊಟ್ಟರೆ?"

ಹಾಗೆ ಸುರುವಾದದ್ದು. ಆ ಮನೆ ಕಟ್ಟಿದೆವು, ಅರ್ಧ ಕೆಡವಿದೆವು, ಮತ್ತೆ ಕಟ್ಟಿದೆವು. ಒಂದು ವರ್ಷದಲ್ಲಿ ನಾಲ್ಕು ಮಕ್ಕಳು ಅದರಿಂದ ಏನು ಕಲಿತರು, ಏನು ಕಲಿಯಲಿಲ್ಲ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕನ್ನಡ ಮಾಧ್ಯಮದ ಪ್ರೈಮರಿ ಶಾಲೆಯಲ್ಲಿ ಟೀಚರ್. ಆದರೆ ಇದು ಶಾಲೆಯ ಪ್ರಾಜೆಕ್ಟ್ ಅಲ್ಲ. ಮಾರ್ಕು, ಫೋಟೋ, ಬಹುಮಾನ ಯಾವುದೂ ಇರಲಿಲ್ಲ. ಅದಕ್ಕೇ ಮಕ್ಕಳು ಇಷ್ಟು ದೂರ ಬಂದರು ಅಂತ ನನಗೆ ಅನಿಸುತ್ತದೆ.

ಜಾಗ ಮತ್ತು ಮಕ್ಕಳು

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಕೆಳಗೆ ಅಡಿಕೆ ತೋಟ, ಮೇಲೆ ಗೇರುಮರದ ಗುಡ್ಡೆ, ನಡುವೆ ದನದ ಹಟ್ಟಿ ಮತ್ತು ಹಿತ್ತಿಲು. ಎಲ್ಲಿ ಅಗೆದರೂ ಮುರಕಲ್ಲು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಈ ಮಳೆಯ ವಿಷಯ ಮುಂದೆ ಬರುತ್ತದೆ.

ಮಕ್ಕಳು ನಾಲ್ವರು. ನನ್ನ ಮಗಳಿಗೆ ಹತ್ತು ವರ್ಷ. ನಾದಿನಿಯ ಮಗನಿಗೆ ಹನ್ನೆರಡು, ಏನು ಸಿಕ್ಕಿದರೂ ಬಿಚ್ಚಿ ನೋಡುವ ಜಾತಿ. ಪಕ್ಕದ ಮನೆಯ ಹುಡುಗನಿಗೆ ಒಂಬತ್ತು, ಮನೆಯಲ್ಲಿ ಮಲಯಾಳ, ನಮ್ಮ ಹತ್ತಿರ ಕನ್ನಡ. ತೋಟದ ಕೆಲಸಕ್ಕೆ ಬರುವ ಅಕ್ಕನ ಮಗಳಿಗೆ ಏಳು, ಅವಳದು ತುಳು. ಸಪ್ತಭಾಷೆಯ ನಾಡು ಅಂತ ನಮ್ಮ ಜಿಲ್ಲೆಯನ್ನು ಹೊಗಳುತ್ತಾರೆ. ನಮ್ಮ ಅಂಗಳದಲ್ಲಿ ಮೂರು ಭಾಷೆಗಳಿದ್ದವು, ಅಷ್ಟೇ ಬೇಕಾದಷ್ಟಾಯಿತು.

ಮೊದಲ ಮನೆ

ಹುಡುಗರು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದರು. ಅದರಲ್ಲಿ ಮರದ ಚೌಕಟ್ಟು, ಒಳಗೆ ಖಾನೆ ಖಾನೆ, ಒಂದರಲ್ಲಿ ಪೈನ್ ಕಾಯಿ, ಇನ್ನೊಂದರಲ್ಲಿ ಒಣಹುಲ್ಲು, ಕೆಳಗೆ ಕೊಳೆತ ದಿಮ್ಮಿ. ಪೈನ್ ಕಾಯಿಗೆ ನಾವು ಎಲ್ಲಿಗೆ ಹೋಗುವುದು? "ನಮ್ಮಲ್ಲಿ ಇರುವುದನ್ನೇ ಹಾಕುವ" ಅಂದೆ. ಅಡಿಕೆ ಮರದ ದಬ್ಬೆಯಲ್ಲಿ ಚೌಕಟ್ಟು ಆಯಿತು, ಮೂರಡಿ ಅಗಲ, ನಾಲ್ಕಡಿ ಎತ್ತರ. ಒಂದು ಖಾನೆಗೆ ಬಿದಿರಿನ ಕೊಳವೆ, ಒಂದಕ್ಕೆ ತೆಂಗಿನ ಸಿಪ್ಪೆ, ಒಂದಕ್ಕೆ ತೂತು ತೂತಾದ ಮುರಕಲ್ಲಿನ ತುಂಡು, ಒಂದಕ್ಕೆ ಒಣ ತರಗೆಲೆ. ಅಡಿಯಲ್ಲಿ, ವಿಡಿಯೋದಲ್ಲಿ ಇದ್ದ ಹಾಗೆಯೇ, ಕೊಳೆತ ತೆಂಗಿನ ಮರದ ಎರಡು ತುಂಡು. ಮೇಲೆ ಅಡಿಕೆ ಹಾಳೆಯ ಮಾಡು. ಬೆಳಗಿನ ಬಿಸಿಲು ಬೀಳುವ ಹಾಗೆ ಹಟ್ಟಿಯ ಪೂರ್ವದ ಗೋಡೆಗೆ ತಾಗಿಸಿ ನಿಲ್ಲಿಸಿದೆವು.

ಕೊಳವೆ ಕತ್ತರಿಸುವಾಗಲೇ ಮೊದಲ ಪಾಠ ಸಿಕ್ಕಿತು, ನಮಗೆ ಗೊತ್ತಾದದ್ದು ಮಾತ್ರ ಎರಡು ತಿಂಗಳ ಮೇಲೆ. ಮಗಳು ಗಂಟಿನ ಪಕ್ಕ ಕತ್ತರಿಸಿದಳು, ಹಾಗಾಗಿ ಅವಳ ಕೊಳವೆಗಳ ಒಂದು ಬದಿ ಮುಚ್ಚಿತ್ತು. ನಾದಿನಿಯ ಮಗ ಗಂಟು ಬಿಟ್ಟು ನಡುವಿನಲ್ಲಿ ಕತ್ತರಿಸಿದ, ಅವನದು ಎರಡೂ ಬದಿ ತೆರೆದದ್ದು. ಒಟ್ಟು 24 ಕೊಳವೆ, ಇಬ್ಬರದೂ ಹನ್ನೆರಡು ಹನ್ನೆರಡು. ಅವನ ಹನ್ನೆರಡಕ್ಕೂ ಒಂದು ಜೇನೂ ಬರಲಿಲ್ಲ. "ಹಿಂದಿನ ಬಾಗಿಲು ಇರುವ ಮನೆ ಅದಕ್ಕೆ ಬೇಡ ಅತ್ತೆ" ಅಂತ ಅವನೇ ಕಂಡುಹಿಡಿದ. ಮಣ್ಣು ಮೆತ್ತಿ ಒಂದು ಬದಿ ಮುಚ್ಚಿದ ಮೇಲೆ ಎರಡು ಕೊಳವೆ ತುಂಬಿದವು. ಹೇಳಿಕೊಟ್ಟಿದ್ದರೆ ಅರ್ಧ ನಿಮಿಷದ ಮಾತು. ನಾನು ಹೇಳಲಿಲ್ಲ, ಯಾಕೆಂದರೆ ನನಗೂ ಗೊತ್ತಿರಲಿಲ್ಲ.

ಇರುವೆ ಹತ್ತಬಾರದು ಅಂತ ಚೌಕಟ್ಟಿನ ನಾಲ್ಕು ಕಾಲಿಗೆ ಗೆರಟೆಯಲ್ಲಿ ನೀರು ಇಟ್ಟಿದ್ದರು. ಅಡುಗೆಮನೆಯ ಕಪಾಟಿಗೆ ಇಡುತ್ತೇವಲ್ಲ, ಹಾಗೆ. ವಾರದ ಮೇಲೆ ನೀರಿನಲ್ಲಿ ಸಣ್ಣ ಸಣ್ಣ ಹುಳು ಕುಣಿಯುತ್ತಿದ್ದವು. ಮಕ್ಕಳಿಗೆ ಖುಷಿಯೋ ಖುಷಿ, ಹುಳುಮನೆಗೆ ಮೊದಲ ಬಾಡಿಗೆದಾರರು! ಆ ದಿನವೇ ಡೆಂಗಿ ಜಾಗೃತಿಗೆ ಮನೆ ಮನೆಗೆ ಬರುವ ಆಶಾ ಕಾರ್ಯಕರ್ತೆ ಬಂದರು. ಅವರು ಬಗ್ಗಿ ನೋಡಿ, "ಇದು ಸೊಳ್ಳೆಮರಿ. ಇನ್ನು ಎರಡು ದಿನ ಬಿಟ್ಟಿದ್ದರೆ ರೆಕ್ಕೆ ಬಂದು ನಿಮ್ಮನ್ನೇ ಕಚ್ಚುತ್ತಿತ್ತು" ಅಂದರು. ನೀರು ಚೆಲ್ಲಿ ಗೆರಟೆಗೆ ಬೂದಿ ತುಂಬಿದೆವು. ಅದಕ್ಕೂ ಮೊದಲು ಪಕ್ಕದ ಮನೆಯ ಹುಡುಗ ನಾಲ್ಕು ಹುಳು ತೆಗೆದು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿಟ್ಟ. ಮೂರನೆಯ ದಿನ ಬಟ್ಟೆಯ ಕೆಳಗೆ ಸೊಳ್ಳೆ ಕೂತಿತ್ತು. ಅವನ ಅಮ್ಮ ಆಮೇಲೆ ಹೇಳಿದರು, ಅವರ ಮನೆಯ ಹೂಕುಂಡದ ತಟ್ಟೆಗಳನ್ನೆಲ್ಲ ಈಗ ಅವನೇ ವಾರಕ್ಕೊಮ್ಮೆ ಕವುಚಿ ಹಾಕುತ್ತಾನಂತೆ.

ಕಾಯುವ ತಿಂಗಳು

ಜನವರಿ ಪೂರ್ತಿ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅಂತ ಮಕ್ಕಳಿಗೆ ಅನಿಸಿತು ಅನ್ನುವುದು ಸರಿ. ಶಾಲೆ ಬಿಟ್ಟು ಬಂದವರೇ ಬಿದಿರಿನ ಕೊಳವೆ ನೋಡುವುದು, ಖಾಲಿ, ಮುಖ ಸಣ್ಣ ಮಾಡುವುದು. ಜೇನು ಬರಬೇಕಿತ್ತು, ಚಿಟ್ಟೆ ಬರಬೇಕಿತ್ತು. ಬಂದದ್ದು ಜೇಡ, ಜಿರಲೆ, ಒಂದು ಹಲ್ಲಿ, ಸಾಲು ಸಾಲು ಕಟ್ಟಿರುವೆ.

ಒಂದು ನೋಟ್ ಪುಸ್ತಕ ಕೊಟ್ಟೆ. ಒಂದೇ ಒಂದು ಷರತ್ತು ಹಾಕಿದೆ. ಪುಟದ ಎಡಗಡೆ ಕಣ್ಣಿಗೆ ಕಂಡದ್ದು ಮಾತ್ರ. ಬಲಗಡೆ ನಿಮಗೆ ಅನಿಸಿದ್ದು. ಎರಡನ್ನೂ ಬೆರೆಸಬಾರದು. ಇಡೀ ವರ್ಷದಲ್ಲಿ ನಾನು ಟೀಚರ್ ಆಗಿ ಮಾಡಿದ ಕೆಲಸ ಇದೊಂದೇ ಅಂದರೂ ಆದೀತು. ಸುರುವಿಗೆ ಎಡಗಡೆ "ಜೇಡ ಸಿಟ್ಟಿನಲ್ಲಿದೆ" ಅಂತ ಬರೆಯುತ್ತಿದ್ದರು. ಸಿಟ್ಟು ಕಂಡಿತಾ? ಇಲ್ಲ. ಏನು ಕಂಡಿತು? ಮುಂದಿನ ಎರಡು ಕಾಲು ಎತ್ತಿತು. ಹಾಗಾದರೆ ಅದನ್ನು ಬರೆ. ಹೀಗೆ ಒಂದು ತಿಂಗಳು ತಿದ್ದಿದೆ. ಫೆಬ್ರವರಿಯಿಂದ ಅವರೇ ಒಬ್ಬರನ್ನೊಬ್ಬರು ತಿದ್ದತೊಡಗಿದರು, ಸ್ವಲ್ಪ ಜಾಸ್ತಿಯೇ.

ಫೆಬ್ರವರಿ ಮೊದಲ ವಾರ ಒಂದು ಬೆಳಿಗ್ಗೆ ನನ್ನ ಅತ್ತೆ ಬೇಜಾರು ಮಾಡಿಕೊಂಡು ಬಂದರು. ಗುಲಾಬಿ ಗಿಡದ ಎಲೆಗಳನ್ನು ಯಾರೋ ಕತ್ತರಿಯಲ್ಲಿ ದುಂಡಗೆ ಕತ್ತರಿಸಿದ್ದಾರೆ, ಮಕ್ಕಳದೇ ಕೆಲಸ ಅಂತ. ಮಕ್ಕಳು ಆಣೆ ಹಾಕಿದರು. ಮರುದಿನ ಏಳು ವರ್ಷದವಳು ಗುಲಾಬಿ ಗಿಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕಳ್ಳನನ್ನು ಹಿಡಿದಳು. ಜೇನಿನಷ್ಟೇ ದೊಡ್ಡ ಕಪ್ಪು ಹುಳು. ಎಲೆಯ ಅಂಚು ಹಿಡಿದು ಕೂತು, ದವಡೆಯಲ್ಲಿ ಬಳೆಯ ಹಾಗೆ ಸುತ್ತ ಕತ್ತರಿಸಿ, ತುಂಡನ್ನು ಹೊಟ್ಟೆಯ ಅಡಿಗೆ ಕಾಲಿನಲ್ಲಿ ಒತ್ತಿ ಹಿಡಿದು ಹಾರಿತು. ಅವಳು ಹಿಂದೆ ಓಡಿದಳು. ಅದು ಬಂದು ಇಳಿದದ್ದು ನಮ್ಮ ಮೂರನೆಯ ಸಾಲಿನ ಕೊಳವೆಗೆ!

ಎಲೆ ಕತ್ತರಿಸುವ ಈ ಜೇನು ಒಂಟಿಯಾಗಿ ಬದುಕುತ್ತದೆ. ಇದಕ್ಕೆ ರಾಣಿ ಇಲ್ಲ, ಆಳುಗಳಿಲ್ಲ, ಕೂಡಿಡಲು ತುಪ್ಪವೂ ಇಲ್ಲ. ಲೋಕದಲ್ಲಿ 20,000ಕ್ಕೂ ಜಾಸ್ತಿ ಬಗೆಯ ಜೇನುಗಳಿವೆ, ಅವುಗಳಲ್ಲಿ ಹೆಚ್ಚಿನವು ಒಂಟಿ ಜೇನುಗಳೇ. ನಮ್ಮ ಮಕ್ಕಳಿಗೆ ಜೇನು ಅಂದರೆ ತುಡುವೆ, ಹೆಜ್ಜೇನು, ಕೋಲುಜೇನು, ಮುಜಂಟಿ, ಇಷ್ಟೇ. ತುಪ್ಪ ಕೊಡುವುದು ಮಾತ್ರ ಜೇನು ಅಂತ ನಾನೂ ನಂಬಿದ್ದೆ. ಈ ಜೇನು ಎಲೆಯ ತುಂಡುಗಳನ್ನು ಸುತ್ತಿ ಬೆರಳಿಗೆ ಹಾಕುವ ಟೊಪ್ಪಿಯಂಥ ಸಣ್ಣ ಲೋಟ ಮಾಡುತ್ತದೆ, ಅದಕ್ಕೆ ಹೂವಿನ ಹುಡಿ ಮತ್ತು ಮಕರಂದ ಕಲಸಿ ತುಂಬುತ್ತದೆ, ಒಂದು ಮೊಟ್ಟೆ ಇಡುತ್ತದೆ, ಮೇಲೆ ದುಂಡು ಎಲೆಯ ಮುಚ್ಚಳ ಹಾಕುತ್ತದೆ. ಅದರ ಮುಂದೆ ಇನ್ನೊಂದು ಲೋಟ. ಹುಡಿಯನ್ನು ಕಾಲಿನಲ್ಲಿ ತರುವುದಿಲ್ಲ, ಹೊಟ್ಟೆಯಡಿಯ ರೋಮಕ್ಕೆ ಮೆತ್ತಿಕೊಂಡು ತರುತ್ತದೆ. "ಅದರ ಹೊಟ್ಟೆಗೆ ಅರಸಿನ ಬಳಿದ ಹಾಗೆ ಉಂಟು" ಅಂತ ಪುಸ್ತಕದ ಎಡಗಡೆ ಬರೆದಿತ್ತು. ಅತ್ತೆ ಒಂದು ಗುಲಾಬಿ ಗಿಡ ಬಿಟ್ಟುಕೊಟ್ಟರು.

ಭ್ರಮರ ಮತ್ತು ಕೀಟ

ಈ ಭಾಗವನ್ನು ಸ್ವಲ್ಪ ಉದ್ದಕ್ಕೆ ಬರೆಯಬೇಕು.

ಮುರಕಲ್ಲಿನ ಖಾನೆಯಲ್ಲಿ ಸಣ್ಣ ಸೊಂಟದ ಒಂದು ಕಣಜ ಮಣ್ಣಿನ ಗಡಿಗೆ ಕಟ್ಟತೊಡಗಿತು. ಅಡಿಕೆಯಷ್ಟು ಗಾತ್ರ, ಮೇಲೆ ತಂಬಿಗೆಯ ಹಾಗೆ ಸಣ್ಣ ಕತ್ತು, ಕತ್ತಿನ ಅಂಚು ಹೊರಕ್ಕೆ ಮಡಚಿದ್ದು. ಬಚ್ಚಲ ನೀರು ಹರಿಯುವ ತೋಡಿನಿಂದ ಮಣ್ಣಿನ ಉಂಡೆ ತರುತ್ತಿತ್ತು. ಪಕ್ಕದ ಮನೆಯ ಹುಡುಗ ಲೆಕ್ಕ ಹಾಕಿದ, ಒಂದೂವರೆ ಗಂಟೆಯಲ್ಲಿ 19 ಸಲ. ಗಡಿಗೆ ಆದ ಮೇಲೆ ಹಸಿರು ಹುಳುಗಳನ್ನು ಒಂದೊಂದಾಗಿ ತಂದು ಕತ್ತಿನೊಳಗೆ ತುರುಕಿತು. ಕೊನೆಗೆ ಬಾಯಿ ಮುಚ್ಚಿ ಹೋಯಿತು. ಒಂದರ ಪಕ್ಕ ಒಂದು, ನಾಲ್ಕು ಗಡಿಗೆ.

ಮಾವ ಸಂಜೆ ಬಂದು ನೋಡಿದರು. "ಇದೇ ಮಕ್ಕಳೇ ಭ್ರಮರ. ಕೀಟವನ್ನು ತಂದು ಗೂಡಿನಲ್ಲಿಟ್ಟು ಝೇಂಕಾರ ಮಾಡ್ತದೆ. ಕೀಟ ಅದನ್ನೇ ಧ್ಯಾನ ಮಾಡಿ ಮಾಡಿ ತಾನೂ ಭ್ರಮರ ಆಗಿಬಿಡ್ತದೆ. ಭ್ರಮರಕೀಟ ನ್ಯಾಯ ಅಂತ ಹೇಳುವುದು ಇದಕ್ಕೇ."

ನಾವೆಲ್ಲ ಚಿಕ್ಕಂದಿನಿಂದ ಕೇಳಿದ ಮಾತು. ಹರಿಕಥೆಯಲ್ಲಿ, ತಾಳಮದ್ದಳೆಯಲ್ಲಿ, ಪುರಾಣ ಪ್ರವಚನದಲ್ಲಿ ಎಷ್ಟು ಸಲ ಕೇಳಿಲ್ಲ! ಮಗಳು ಅದನ್ನು ಪುಸ್ತಕದಲ್ಲಿ ಬರೆದಳು. ಎಲ್ಲಿ ಬರೆದಳು ಅಂತ ನೋಡಿದೆ. ಬಲಗಡೆ. "ಅಜ್ಜ ಹೇಳಿದ್ದು. ನಾವು ನೋಡಿಲ್ಲ."

"ಒಂದು ಒಡೆದು ನೋಡುವ" ಅಂದ ನಾದಿನಿಯ ಮಗ. ಮಗಳು ಕೂಡದು ಅಂದಳು. ಮನೆ ಕಟ್ಟಿ ಕೊಟ್ಟವರೇ ಮನೆ ಒಡೆಯುವುದಾ? ಎರಡು ದಿನ ಜಗಳ. ಕೊನೆಗೆ ನಾಲ್ಕರಲ್ಲಿ ಒಂದೇ ಒಂದು, ಉಳಿದ ಮೂರು ಮುಟ್ಟುವ ಹಾಗಿಲ್ಲ ಅಂತ ಒಪ್ಪಂದ ಆಯಿತು. ಬ್ಲೇಡಿನ ತುದಿಯಲ್ಲಿ ಮೆಲ್ಲ ಗಡಿಗೆಯ ಒಂದು ಬದಿ ಬಿಡಿಸಿದೆ. ಒಳಗೆ ಏಳು ಹಸಿರು ಹುಳು. ಸತ್ತಿದೆ ಅಂದುಕೊಂಡೆವು. ಹುಲ್ಲುಕಡ್ಡಿಯಲ್ಲಿ ಮುಟ್ಟಿದಾಗ ಒಂದರ ತುದಿ ತುಸು ಅಲುಗಿತು. ಸತ್ತಿಲ್ಲ, ಓಡಲಿಕ್ಕೂ ಆಗುವುದಿಲ್ಲ. ಅವುಗಳ ನಡುವೆ ಹಳದಿ ಬಣ್ಣದ ಒಂದು ಮರಿಹುಳು, ಅಕ್ಕಿಯ ನುಚ್ಚಿನಷ್ಟು. ಅದು ಒಂದು ಹಸಿರು ಹುಳುವಿಗೆ ಬಾಯಿ ಹಾಕಿಕೊಂಡಿತ್ತು.

ಗಡಿಗೆಯ ಒಡೆದ ಬದಿಗೆ ಗಾಜಿನ ಚೂರು ಅಂಟಿಸಿ, ಮೇಲೆ ಕಪ್ಪು ಕಾಗದ ಮುಚ್ಚಿ, ದಿನಕ್ಕೆ ಒಂದು ಸಲ ತೆಗೆದು ನೋಡಿದೆವು. ಮರಿಹುಳು ಉಬ್ಬುತ್ತಾ ಬಂತು, ಹಸಿರು ಹುಳು ಒಂದೊಂದೇ ಖಾಲಿಯಾಗುತ್ತಾ ಬಂತು. ಆರನೆಯ ದಿನಕ್ಕೆ ಏಳೂ ಮುಗಿದಿತ್ತು. ಮಗಳು ಎರಡು ದಿನ ಊಟದ ಹೊತ್ತಿಗೆ ಅದರ ಮಾತೇ ಬೇಡ ಅಂದಳು. ಏಳು ವರ್ಷದವಳಿಗೆ ಹಾಗೇನೂ ಆಗಲಿಲ್ಲ. "ಅಮ್ಮ ಬುತ್ತಿ ಕಟ್ಟಿ ಇಟ್ಟು ಹೋದದ್ದು. ಹಾಳಾಗಬಾರದು ಅಂತ ಕೊಲ್ಲಲಿಲ್ಲ" ಅಂದಳು. ಅಷ್ಟು ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಕಣಜ ಕುಟುಕಿ ಹುಳುವನ್ನು ಮರಗಟ್ಟಿಸುವುದೇ ಅದಕ್ಕೆ. ಗಡಿಗೆ ಕಟ್ಟುವ ಈ ಕಣಜ ಮೊದಲು ಒಳಗಿನ ಛಾವಣಿಗೆ ಒಂದು ಎಳೆಯಲ್ಲಿ ಮೊಟ್ಟೆ ನೇತುಹಾಕುತ್ತದೆ, ಬುತ್ತಿ ತುಂಬುವುದು ಆಮೇಲೆ.

ಮುಟ್ಟದೆ ಬಿಟ್ಟ ಮೂರು ಗಡಿಗೆಯಲ್ಲಿ ಎರಡರಿಂದ ಕಣಜ ಹೊರಬಂತು. ಮೂರನೆಯದರಿಂದ ಬಂದದ್ದು ಬೇರೆ, ನವಿಲಿನ ಕತ್ತಿನ ಬಣ್ಣದಲ್ಲಿ ಥಳಥಳ ಹೊಳೆಯುವ ಒಂದು ಹುಳು. ಬೇರೆ ಕಣಜದ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುವ ಜಾತಿ ಅದು. "ಕಾಗೆಯ ಗೂಡಿನಲ್ಲಿ ಕೋಗಿಲೆ" ಅಂದರು ಮಕ್ಕಳು, ಯಾರೂ ಹೇಳಿಕೊಡದೆ.

ಮಗಳು ಪುಸ್ತಕ ತೆಗೆದುಕೊಂಡು ಅಜ್ಜನ ಹತ್ತಿರ ಹೋದಳು. ನನಗೆ ಸ್ವಲ್ಪ ಅಳುಕು. ಮಾವ ಕನ್ನಡಕ ಹಾಕಿ ಆರು ದಿನದ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಎದ್ದು ಹಟ್ಟಿಯ ಗೋಡೆಯ ಹತ್ತಿರ ಹೋಗಿ ಗಡಿಗೆಯನ್ನೂ ನೋಡಿ ಬಂದರು. "ಅದು ಮನಸ್ಸಿಗೆ ಹೇಳಿದ ಮಾತು ಕೂಸೇ. ಹುಳದ ಮಟ್ಟಿಗೆ ನೀವು ನೋಡಿದ್ದೇ ಸರಿ. ಎಂಬತ್ತು ವರ್ಷ ಆಯಿತು, ನಾನು ಒಂದನ್ನೂ ಬಿಡಿಸಿ ನೋಡಲಿಲ್ಲ" ಅಂದರು. ಮರುದಿನದಿಂದ ಬೆಳಗಿನ ಕಾಫಿ ಕುಡಿದು ಮೊದಲು ಹುಳುಮನೆಗೆ ಹೋಗಿ ಬರುವವರು ಮಾವ.

ಕುರುವಾಯಿ

ಏಪ್ರಿಲ್‌ನಲ್ಲಿ ಒಂದು ಬೇಸಗೆ ಮಳೆ ಬಂತು. ಅಡಿಯ ತೆಂಗಿನ ತುಂಡನ್ನು ನಾದಿನಿಯ ಮಗ ಎಬ್ಬಿಸಿ ನೋಡಿದ. ಕೆಳಗೆ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು, ಕಂದು ತಲೆ, ಮಡಚಿಕೊಂಡು ಮಲಗಿದ್ದವು. ಒಂಬತ್ತು. ಮಕ್ಕಳ ಕೂಗು ಕೇಳಿ ಆಚೆ ಮನೆಯವರು ಬೇಲಿಯ ಹತ್ತಿರ ಬಂದರು. ಅವರು ಆ ವರ್ಷವಷ್ಟೇ ನಲವತ್ತು ತೆಂಗಿನ ಸಸಿ ನೆಟ್ಟಿದ್ದರು.

"ಟೀಚರೇ, ಇದು ಕುರುವಾಯಿಯ ಹುಳ. ಮಕ್ಕಳಿಗೆ ಪಾಠ ಮಾಡಿ, ಬೇಡ ಅನ್ನುವುದಿಲ್ಲ. ನನ್ನ ಸಸಿ ಮಾತ್ರ ಉಳಿಸಿ."

ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತಪ್ಪು ನನ್ನದು. ಕೊಳೆತ ದಿಮ್ಮಿ ಇಡಿ ಅನ್ನುವ ಸಲಹೆ ತಂಪು ದೇಶದ ಹಿತ್ತಿಲಿಗೆ ಸರಿ. ತೆಂಗಿನ ನಾಡಿನಲ್ಲಿ ಕೊಳೆತ ತೆಂಗಿನ ಮರ ಇಟ್ಟರೆ ಅದು ಕುರುವಾಯಿಯ ತೊಟ್ಟಿಲು. ಕೊಂಬಿನ ಈ ದುಂಬಿಯ ಮರಿಗಳು ಕೊಳೆತದ್ದನ್ನು ತಿಂದು ಬೆಳೆಯುತ್ತವೆ, ಮರಕ್ಕೆ ಏನೂ ಮಾಡುವುದಿಲ್ಲ. ದೊಡ್ಡದಾದ ಮೇಲೆ ದುಂಬಿ ರಾತ್ರಿ ಹಾರಿ ಬಂದು ತೆಂಗಿನ ಸುಳಿ ಕೊರೆದು ರಸ ಹೀರುತ್ತದೆ. ಸುಳಿ ಬಿಚ್ಚಿದಾಗ ಗರಿ ಬೀಸಣಿಗೆಯ ಅಂಚಿನ ಹಾಗೆ ಕತ್ತರಿಸಿರುತ್ತದೆ. ಆ ಗಾಯದ ವಾಸನೆಗೆ ಕೆಂಪುಮೂತಿ ಹುಳು ಬಂದರೆ ಮರವೇ ಹೋಗುತ್ತದೆ. ಪಕ್ಕದ ಮನೆಯ ಹುಡುಗನಿಗೆ ಇದು ಮೊದಲೇ ಗೊತ್ತಿತ್ತು, ಅವರಲ್ಲಿ ಇದರ ಹೆಸರು ಕೊಂಬನ್ ಚೆಲ್ಲಿ. ಬಿಳಿ ಹುಳ ಮತ್ತು ಚೆಲ್ಲಿ ಎರಡೂ ಒಂದೇ ಅಂತ ಮಾತ್ರ ಗೊತ್ತಿರಲಿಲ್ಲ.

ಆಗ ಅವನು ಕೇಳಿದ ಪ್ರಶ್ನೆಯನ್ನು ನಾನು ಮರೆಯುವುದಿಲ್ಲ. "ಟೀಚರ್, ಕೊಳೆತದ್ದು ಬೇಕು ಅಂದರೆ, ಗೊಬ್ಬರದ ಗುಂಡಿ?"

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಹಾರೆ ಹಿಡಿದುಕೊಂಡು ಹೋಗಿ ನಮ್ಮ ಗೊಬ್ಬರದ ಗುಂಡಿಯ ಒಂದು ಮೂಲೆ ಅಗೆದರೆ 31 ಹುಳು. ಆಚೆ ಮನೆಯವರ ಗುಂಡಿಯಲ್ಲಿ ಅವರೇ ಅಗೆದರು, ಅಲ್ಲಿಯೂ ಇತ್ತು. ಹುಳುಮನೆಯ ಒಂಬತ್ತರ ಮಾತು ಅಲ್ಲಿಗೆ ನಿಂತಿತು. ಎರಡೂ ಮನೆಯ ಗುಂಡಿಯ ಮಾತು ಸುರುವಾಯಿತು.

ಏನು ಮಾಡುವುದು ಅಂತ ಮಕ್ಕಳನ್ನೇ ಕೇಳಿದೆ. ಹುಳುಗಳಿಗೆ ಅಂತ ಕಟ್ಟಿದ ಮನೆ, ಇದೂ ಹುಳುವೇ ಅಲ್ವಾ ಅಂದಳು ಮಗಳು. ಅವರ ಸಸಿಗೆ ಏನು ಹೇಳ್ತೀ ಅಂದ ನಾದಿನಿಯ ಮಗ. ಕೊನೆಗೆ ಮೂರು ಹುಳುವನ್ನು ಗೊಬ್ಬರ ತುಂಬಿದ ಡಬ್ಬಿಯಲ್ಲಿ, ಮೇಲೆ ತಂತಿಬಲೆ ಬಿಗಿದು ಸಾಕುವುದು, ಉಳಿದದ್ದು ಕೋಳಿಗೆ ಅಂತ ಆಯಿತು. ಕೋಳಿ ತಿನ್ನುವಾಗ ಏಳು ವರ್ಷದವಳು ಅತ್ತಳು. ಅಳು ನಿಲ್ಲಿಸಲು ನಾನು ಏನೂ ಹೇಳಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತೆ.

ಗುಂಡಿಗೆ ಕೃಷಿಭವನದವರು ಹೇಳಿದ ಹಾಗೆ ಮೆಟಾರೈಜಿಯಮ್ ಅನ್ನುವ ಹಸಿರು ಬೂಷ್ಟಿನ ಹುಡಿ ಕಲಸಿ ಹಾಕಿದೆವು. ಈ ಬೂಷ್ಟು ಹುಳುವಿನ ಮೈಯಲ್ಲಿ ಬೆಳೆದು ಅದನ್ನು ಕೊಲ್ಲುತ್ತದೆ. ನಮ್ಮ ಕಾಸರಗೋಡಿನಲ್ಲೇ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಸುರುವಾದ ಈಗಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಕುರುವಾಯಿ ಮರಿ ಮಾಡುವ ಜಾಗಕ್ಕೆ ಇದನ್ನೇ ಹಾಕಲು ಹೇಳುತ್ತದೆ. ಕೆಲವು ವಾರ ಬಿಟ್ಟು ಅಗೆದಾಗ ಕಲ್ಲಿನಂತೆ ಗಟ್ಟಿಯಾದ, ಹಸಿರು ಬಣ್ಣ ಹಿಡಿದ ಹುಳುಗಳು ಸಿಕ್ಕಿದವು. ತೆಂಗಿನ ತುಂಡು ಬಿಸಾಡಿ, ಅಡಿಯ ಖಾನೆಯನ್ನು ಪೂರ್ತಿ ತೆಗೆದು, ಚೌಕಟ್ಟನ್ನು ನೆಲದಿಂದ ಎರಡಡಿ ಮೇಲೆ ಗೋಡೆಗೆ ಹೊಡೆದೆವು. ಹಾವು, ಚೇಳಿನ ಹೆದರಿಕೆಗೂ ಅದೇ ಒಳ್ಳೆಯದು. ಕಟ್ಟಿಗೆ, ಸಿಪ್ಪೆ ನೆಲಕ್ಕೆ ತಾಗಿ ರಾಶಿ ಬಿದ್ದರೆ ನಮ್ಮ ಊರಿನಲ್ಲಿ ಅಲ್ಲಿಗೆ ಮೊದಲು ಬರುವುದು ಯಾರು ಅಂತ ಎಲ್ಲರಿಗೂ ಗೊತ್ತು.

ಔಷಧಿ ಬಿಡುವ ದಿನ

ಮೇ ಕೊನೆಗೆ ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಗಡಿಬಿಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ನೀಲಿ ದ್ರಾವಣ ಕಲಕುವಾಗ ಮಕ್ಕಳು ಸುತ್ತ ನಿಂತು ಒಂದೇ ಪ್ರಶ್ನೆ, ನಮ್ಮ ಹುಳುಮನೆಗೆ ತಾಗುತ್ತದಾ? ಇದು ಬೂಷ್ಟಿಗೆ ಬಿಡುವ ಮದ್ದು, ಹುಳುವಿಗಲ್ಲ ಅಂದರು ನನ್ನ ಗಂಡ. ಆದರೂ ಆ ದಿನ ಹುಳುಮನೆಗೆ ಟಾರ್ಪಾಲು ಮುಚ್ಚಿದೆವು.

ಅದನ್ನು ನೋಡಿ ಅತ್ತೆ ಮಾತು ತೆಗೆದರು. ಅವರ ತವರು ಎಣ್ಮಕಜೆ ಕಡೆ. 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿನ ಗೇರುಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿಸುತ್ತಿದ್ದರು. ಟೀ ಸೊಳ್ಳೆ ಅನ್ನುವ ತಿಗಣೆ ಜಾತಿಯ ಹುಳುವನ್ನು ಕೊಲ್ಲಲಿಕ್ಕೆ. "ಹೆಲಿಕಾಪ್ಟರ್ ಬಂದರೆ ಬಾವಿಗೆ ಮಡಲು ಮುಚ್ಚುತ್ತಿದ್ದೆವು. ಅಪ್ಪನ ಜೇನುಪೆಟ್ಟಿಗೆ ಒಂದು ವರ್ಷ ಪೂರ್ತಿ ಖಾಲಿ. ಆಮೇಲೆ ಮಕ್ಕಳಿಗೆ ಬಂದದ್ದು ನಿಮಗೆಲ್ಲ ಗೊತ್ತುಂಟು." ಗೊತ್ತಿದೆ. ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ಶಾಲೆಗೆ ಬರಲಾಗದ ಮಗುವಿನ ಮನೆಗೆ ನಾನು ಹೋಗಿ ಕೂತಿದ್ದೇನೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ನಿಂತ ಮೇಲೂ ಆ ಮನೆಗಳಲ್ಲಿ ಏನೂ ನಿಂತಿಲ್ಲ.

ಮಕ್ಕಳಿಗೆ ಇದನ್ನು ಹೇಳಬೇಕಾ ಅಂತ ನಾನು ತುಂಬ ಯೋಚಿಸಿದ್ದೆ. ಅತ್ತೆ ಯೋಚಿಸದೆ ಹೇಳಿದರು, ಅದೇ ಒಳ್ಳೆಯದಾಯಿತು. ನಾದಿನಿಯ ಮಗ ಕೇಳಿದ, "ಆ ಟೀ ಸೊಳ್ಳೆಯನ್ನು ತಿನ್ನುವ ಹುಳ ಇಲ್ಲವಾ?" ಇದೆ. ಗೇರುಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ. ಗೇರುಬೀಜ ಹೆಕ್ಕಲು ಹೋದಾಗ ಕಚ್ಚಿಸಿಕೊಂಡು ನಾವೆಲ್ಲ ಶಾಪ ಹಾಕುವ ಅದೇ ಕೆಂಪು ಇರುವೆ. ಅದು ಆ ತಿಗಣೆಯನ್ನು ಹಿಡಿದು ತಿನ್ನುತ್ತದೆ. ಹುಡುಗ ಸುಮಾರು ಹೊತ್ತು ಮಾತಾಡಲಿಲ್ಲ.

ಮಳೆಗಾಲ

ಜೂನ್‌ನಲ್ಲಿ ಹಾಳೆಯ ಮಾಡು ಹತ್ತು ದಿನವೂ ತಾಳಲಿಲ್ಲ. ಬಿದಿರಿಗೆ ಬೂಷ್ಟು, ತರಗೆಲೆ ಕೊಳೆತು ಮುದ್ದೆ. ಮುಚ್ಚಿದ್ದ ಕೊಳವೆಗಳಲ್ಲಿ ಮೂರರ ಒಳಗೆ ಮರಿಗಳು ಸತ್ತಿದ್ದವು. ಉಳಿದದ್ದನ್ನು ಹಟ್ಟಿಯ ಮಾಡಿನ ಅಡಿಗೆ ಸಾಗಿಸಿದೆವು. ಮೊದಲೇ ಅಲ್ಲಿ ಇಡಬೇಕಿತ್ತು. ಇಂಥ ಮನೆ ಕಟ್ಟುವವರಿಗೆ ನಾನು ಖಂಡಿತವಾಗಿ ಹೇಳುವುದು ಇದು, ನಮ್ಮ ಕರಾವಳಿಯಲ್ಲಿ ಖಾನೆ ಹೇಗಿದ್ದರೂ ನಡೆದೀತು, ಮಾಡು ಗಟ್ಟಿ ಬೇಕು.

ಪುಸ್ತಕದಲ್ಲಿ ಜುಲೈ ತಿಂಗಳಿಗೆ ಇರುವುದು ಎರಡೇ ಪುಟ. ಮಕ್ಕಳಿಗೆ ಬೇಜಾರು ಬಂದಿತ್ತು. ಪಕ್ಕದ ಮನೆಯ ಹುಡುಗ ಬರುವುದನ್ನೇ ಬಿಟ್ಟಿದ್ದ, ಅವನಿಗೆ ಫುಟ್‌ಬಾಲ್ ಹುಚ್ಚು ಹಿಡಿದಿತ್ತು. ನಾನು ಕರೆಯಲಿಲ್ಲ. ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟು ಹಟ್ಟಿಯ ಮಾಡಿನ ಅಡಿಯ ಹುಡಿಮಣ್ಣಿನಲ್ಲಿ ಸಣ್ಣ ಸಣ್ಣ ಆಲಿಕೆಯಂಥ ಕುಳಿಗಳಾದಾಗ ತಾನಾಗಿ ಬಂದ. ಮಲಯಾಳದಲ್ಲಿ ಅದು ಕುಳಿಯಾನ, ಅಂದರೆ ಕುಳಿಯ ಆನೆ. ಹಿಂದಕ್ಕೆ ಹಿಂದಕ್ಕೆ ನಡೆದು ಕುಳಿ ತೋಡಿ, ತಳದಲ್ಲಿ ಅಡಗಿ, ಜಾರಿ ಬಿದ್ದ ಇರುವೆಯನ್ನು ಹಿಡಿಯುವ ಹುಳು. ನಾವು ಅದಕ್ಕೆ ಏನೂ ಕಟ್ಟಿ ಕೊಟ್ಟಿರಲಿಲ್ಲ. ಹಟ್ಟಿ ಕಟ್ಟಿದ ದಿನದಿಂದಲೇ ಅದು ಅಲ್ಲಿ ಇದ್ದಿರಬೇಕು.

ಏನು ಉಳಿಯಿತು

ಪುಸ್ತಕದ ಕೊನೆಯಲ್ಲಿ ಒಂದು ಪಟ್ಟಿ ಇದೆ, ಹುಳುಗಳ ಹೆಸರು ಮೂರು ಭಾಷೆಯಲ್ಲಿ. ಇರುವೆ, ಪಿಜಿನ್, ಉರುಂಬ್. ಕೆಲವು ಹುಳುವಿಗೆ ಮೂರರಲ್ಲೂ ಹೆಸರಿಲ್ಲ, ಅಲ್ಲಿ ಮಕ್ಕಳೇ ಇಟ್ಟಿದ್ದಾರೆ. ನವಿಲು ಬಣ್ಣದ ಕಣಜ "ಕೋಗಿಲೆ ಕಣಜ" ಆಗಿದೆ. ಆ ಪಟ್ಟಿಯ ಅಡಿಯಲ್ಲಿ ಮಗಳು ಒಂದು ಪ್ರಶ್ನೆ ಬರೆದಿದ್ದಾಳೆ. ನಮ್ಮ ಜಿಲ್ಲೆಗೆ 2023ರಲ್ಲಿ ಮರ, ಹೂ, ಹಕ್ಕಿ, ಪ್ರಾಣಿ ಅಂತ ಆರಿಸಿದರಲ್ಲ, ಕಾಸರಕ, ಪೆರಿಯ ಪೊಲತ್ತಾಳಿ, ಬಿಳಿ ಹೊಟ್ಟೆಯ ಕಡಲ ಹದ್ದು, ದೊಡ್ಡ ಮೆದುಚಿಪ್ಪಿನ ಆಮೆ. ಹುಳು ಯಾಕೆ ಇಲ್ಲ?

ನಾದಿನಿಯ ಮಗ ಕೀಟಶಾಸ್ತ್ರ ಓದುತ್ತೇನೆ ಅಂತೇನೂ ಹೇಳಿಲ್ಲ. ಅವನಿಗೆ ಈಗ ಸೈಕಲ್ ಬಿಚ್ಚುವ ಹುಚ್ಚು. ಆದರೆ ಏನನ್ನಾದರೂ ಬಿಚ್ಚುವ ಮೊದಲು ಒಂದು ಚಿತ್ರ ಬರೆದಿಡುತ್ತಾನೆ. ಏಳು ವರ್ಷದವಳು ಶಾಲೆಯಲ್ಲಿ ಕನ್ನಡ ಓದಲು ಹಿಂದೆ ಇದ್ದಳು. ಪುಸ್ತಕದಲ್ಲಿ ಅವಳ ವಾಕ್ಯಗಳು ಫೆಬ್ರವರಿಯಲ್ಲಿ ಎರಡು ಪದ, ನವೆಂಬರಿನಲ್ಲಿ ಆರೇಳು ಪದ. ಅದು ಹುಳುಮನೆಯಿಂದಲೇ ಆಯಿತು ಅಂತ ನಾನು ಹೇಳಲಾರೆ, ಶಾಲೆಯಲ್ಲಿ ಅವಳ ಟೀಚರ್ ಕೂಡ ತುಂಬ ಕಷ್ಟಪಟ್ಟಿದ್ದಾರೆ. ಮಗಳಿಗೆ ಹುಳು ಕಂಡರೆ ಇದ್ದ ಹೆದರಿಕೆ ಪೂರ್ತಿ ಹೋಗಿಲ್ಲ. ಜಿರಲೆಗೆ ಈಗಲೂ ಕಿರುಚುತ್ತಾಳೆ. ಕಿರುಚಿ, ಆಮೇಲೆ ಅದಕ್ಕೆ ಎಷ್ಟು ಕಾಲು ಅಂತ ನೋಡುತ್ತಾಳೆ.

ಇನ್ನು ಆ ಕರಿದುಂಬಿ. ಯಾರಿಗಾಗಿ ಇಷ್ಟೆಲ್ಲ ಕಟ್ಟಿದೆವೋ ಅದು ಒಂದು ದಿನವೂ ಹುಳುಮನೆಯ ಕಡೆ ತಿರುಗಿ ನೋಡಲಿಲ್ಲ. ಪಕ್ಕಾಸಿನ ತೂತಿನಲ್ಲೇ ಸಂಸಾರ ಮುಗಿಸಿತು. ಸದ್ದು ನಿಂತು, ಹುಡಿ ಬೀಳುವುದು ನಿಂತು ಹದಿನೈದು ದಿನ ಕಾದ ಮೇಲೆ ಮಾವ ಆ ತೂತಿಗೆ ಮರದ ಬಿರಡೆ ಹೊಡೆದು, ಪಕ್ಕಾಸಿಗೆಲ್ಲ ಗೇರೆಣ್ಣೆ ಬಳಿಸಿದರು. ಸೀಮೆಎಣ್ಣೆಯ ಮಾತು ಎತ್ತಲಿಲ್ಲ.

ನವೆಂಬರ್ ಕೊನೆಗೆ ಬಟ್ಟೆ ಒಣಗಿಸುವ ಬಿದಿರಿನ ಗಳುವಿನ ಅಡಿಯಲ್ಲಿ, ಒಗೆದ ಬಿಳಿ ಪಂಚೆಯ ಮೇಲೆ, ಹಳದಿ ಹುಡಿ ಬಿದ್ದಿತ್ತು. ಅತ್ತೆ ಪಂಚೆ ಕೊಡವಿ, ಗಳುವಿನ ಕೆಳಗೆ ಬಗ್ಗಿ ನೋಡಿ, ಮಕ್ಕಳನ್ನು ಕರೆದರು. ಈಗ ನಮ್ಮ ಬಟ್ಟೆ ಬಾವಿಕಟ್ಟೆಯ ಹತ್ತಿರ ಕಟ್ಟಿದ ನೈಲಾನ್ ಹಗ್ಗದ ಮೇಲೆ ಒಣಗುತ್ತದೆ.